ಸ್ಟೀನ್ ಮೈದಾನ: ಬ್ರೈಟನ್ ಎಂಬ ಬೆಸ್ತರೂರು ವಿಹಾರಸ್ಥಾನವಾದ ಬಗೆ

ಆಂಗ್ಲ ಸಾಹಿತ್ಯವನ್ನು ವ್ಯಾಸಂಗಮಾಡಿದವರಿಗೆ ಬ್ರೈಟನ್ ಎಂಬ ಕಡಲತಡಿಯ ಪಟ್ಟಣದ ಹೆಸರು ಅಪರಿಚಿತವಲ್ಲ. ಜೇನ್ ಆಸ್ಟಿನ್ನಳ ‘ಪ್ರೈಡ್ ಅಂಡ್ ಪ್ರೆಜುಡಿಸ್’ (೧೮೧೩) ಕಾದಂಬರಿಯಲ್ಲಿ ಲಿಡಿಯ ಎಂಬ ಚಪಲಚಿತ್ತದ ತರುಣಿ ಓಡಿಹೋಗುವುದು ಇಲ್ಲಿಂದಲೇ. ಡಿಕನ್ಸನ ‘ಡೊಂಬಿ ಅಂಡ್ ಸನ್’ (೧೮೪೬–೪೮) ಗ್ರಂಥದಲ್ಲಿ ಕ್ಷೀಣದೇಹಿಯಾದ ಬಾಲಕ ಪಾಲ್ ಅಲೆಗಳ ಮಾತಿಗೆ ಕಿವಿಗೊಟ್ಟು ಕುಳಿತಿರುವುದೂ ಇಲ್ಲಿಯೇ. ಇವುಗಳಲ್ಲಿ ಕಾಣಬರುವ ಬ್ರೈಟನ್ ಸಿರಿವಂತರ ವಿಹಾರಕ್ಕೂ ರೋಗಿಗಳ ಆರೈಕೆಗೂ ಹೆಸರಾದ ಊರು. ಅದಕ್ಕೆ ಹಿಂದೆ ಕಡಮೆಯೆಂದರೂ ಏಳುನೂರು ವರ್ಷಕಾಲ ಅದು ಬೆಸ್ತರ ಊರಾಗಿದ್ದಿತು. ಈ ಪರಿವರ್ತನೆಗೆ ವೈದ್ಯರ ಉಪದೇಶ, ರಾಜಕುಮಾರನ ಒಲವು, ರೈಲುದಾರಿ ಎಂಬ ಮೂರು ಕಾರಣಗಳನ್ನು ಹೇಳುವುದು ವಾಡಿಕೆ. ಮೂರೂ ನಿಜವಾದವುಗಳೇ. ಆದರೆ ಬೆಸ್ತರ ಕಡೆಯಿಂದ ನೋಡಿದಲ್ಲಿ ಇವೆಲ್ಲಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದುಂಟು. ಅದು ಅವರು ಬಲೆಗಳನ್ನು ಹರಡಿ ಒಣಗಿಸುತ್ತಿದ್ದ ಒಂದು ಹುಲ್ಲುಮೈದಾನಕ್ಕೆ ಸಂಬಂಧಪಟ್ಟುದು. ಆ ಮೈದಾನದ ಹೆಸರು ಸ್ಟೀನ್. ಕಡಲನ್ನು ಯಾರೂ ಬೆಸ್ತರಿಂದ ಕಿತ್ತುಕೊಳ್ಳಲಿಲ್ಲ. ಅವರು ಕಳೆದುಕೊಂಡದ್ದು ಈ ನೆಲವನ್ನು.

ಊರಿನ ಹಳೆಯ ಹೆಸರು ಬ್ರೈಟ್‌ಹೆಲ್ಮ್‌ಸ್ಟನ್. ಬಿಯರ್ಹ್ಟ್‌ಹೆಲ್ಮ್ ಎಂಬ ಪುರಾತನ ಸ್ಯಾಕ್ಸನ್ ವ್ಯಕ್ತಿನಾಮಕ್ಕೆ ಹಟ್ಟಿ ಅಥವಾ ಊರು ಎಂಬರ್ಥದ ‘ತೂನ್’ ಶಬ್ದ ಸೇರಿ ಆದ ಹೆಸರಿದು. ನಾರ್ಮನ್ ದೊರೆ ವಿಲಿಯಮ್ಮನು ೧೦೮೬ರಲ್ಲಿ ಮಾಡಿಸಿದ ‘ಡೂಮ್ಸ್‌ಡೇ’ ಲೆಕ್ಕದ ಪುಸ್ತಕದಲ್ಲಿ ಈ ಊರು ಬರುತ್ತದೆ. ಅಲ್ಲಿ ಇದರ ಒಂದು ಹಿಡುವಳಿಗೆ ಸಲ್ಲಬೇಕಾದ ಗೇಣಿ ೪೦೦೦ ಹೆರಿಂಗ್ ಮೀನು. ಹೆರಿಂಗ್ ಎಂಬುದು ಕನ್ನಡ ಕರಾವಳಿಯ ಭೂತಾಯಿಯ ಬಂಧುವೆನ್ನಬಹುದಾದ, ಗುಂಪುಗಟ್ಟಿ ಬರುವ ಮೀನು. ಧಾನ್ಯದಲ್ಲಿಯೋ ನಾಣ್ಯದಲ್ಲಿಯೋ ತೆರಬೇಕಾದ ಗೇಣಿಯನ್ನು ಮೀನಿನಲ್ಲಿ ಗೊತ್ತುಮಾಡಿದ್ದರೆಂದ ಮೇಲೆ ಅಲ್ಲಿಯ ಜನರ ಜೀವನೋಪಾಯ ಯಾವುದಾಗಿದ್ದಿತೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಾಗಿಲ್ಲ. ‘ಬ್ರೈಟನ್’ ಎಂಬ ಮೊಟಕುಗೊಂಡ ರೂಪ ಹದಿನೇಳನೆಯ ಶತಮಾನದಲ್ಲಿಯೇ ಬಳಕೆಗೆ ಬಂದಿದ್ದರೂ ಅಧಿಕೃತವಾಗಿ ಅಂಗೀಕೃತವಾದದ್ದು ೧೮೧೦ರಲ್ಲಿ, ಎಂದರೆ ಊರು ವಿಹಾರಸ್ಥಾನವಾಗಿ ನೆಲೆನಿಂತ ಮೇಲೆ. ಹಳೆಯ ಹೆಸರಿನ ಉದ್ದವನ್ನು ಬೆಸ್ತರು ಸಹಿಸಿದ್ದರು. ಬಂದುಹೋಗುವವರ ನಾಲಗೆಗೆ ಚಿಕ್ಕದು ಬೇಕಾಯಿತು.

ಹಳೆಯ ಊರಿನ ವಿನ್ಯಾಸವೂ ವಿಚಾರಾರ್ಹವಾದುದು. ಉತ್ತರ, ಪೂರ್ವ, ಪಶ್ಚಿಮ ಎಂದು ದಿಕ್ಕುಗಳಿಂದಲೇ ಹೆಸರುಪಡೆದ ಮೂರು ಬೀದಿಗಳು ಮೂರು ಕಡೆ, ದಕ್ಷಿಣಕ್ಕೆ ಸಮುದ್ರ. ನಡುವೆ ‘ಹೆಂಪ್‌ಷೇರ್ಸ್’ ಎಂಬ ಹೊಲಗಳು. ಹಗ್ಗಕ್ಕೂ ಬಲೆಗೂ ಬೇಕಾದ ಸೆಣಬನ್ನು ಬೆಳೆಯುತ್ತಿದ್ದುದು ಅಲ್ಲಿ. ಹೊರಗಿನವರು ಊರಿನ ನಡುವೆ ದೇವಾಲಯವನ್ನೋ ಸಂತೆಯನ್ನೋ ನಿರೀಕ್ಷಿಸುವರು. ಈ ಊರಿನ ನಡುವೆ ಇದ್ದುದು ಸೆಣಬಿನ ಹೊಲ. ದಂಡೆಯ ಕಡಿದಾದ ದಿಬ್ಬದ ಕೆಳಗೆ, ಜಲ್ಲಿಗಲ್ಲಿನ ಮೇಲೆಯೇ, ಬೆಸ್ತರ ಗುಡಿಸಲುಗಳ ಮತ್ತೊಂದು ಕೇರಿ. ಊರಿನ ಪೂರ್ವಕ್ಕೆ, ಒಂದು ಹಳ್ಳದ ತಗ್ಗಿನಲ್ಲಿ, ಯಾರಿಗೂ ಸ್ವಂತವಲ್ಲದ ಹುಲ್ಲುನೆಲವಾಗಿ ಸ್ಟೀನ್ ಹರಡಿಕೊಂಡಿದ್ದಿತು. ಈ ಹೆಸರಿಗೆ ಕಲ್ಲುಳ್ಳ ಸ್ಥಳವೆಂದು ಅರ್ಥ ಹೇಳುವರು.

ಈ ನೆಲದ ಅಗತ್ಯವೇನೆಂಬುದನ್ನು ಸ್ವಲ್ಪ ವಿವರಿಸಬೇಕು. ಬ್ರೈಟನ್ನಿಗೆ ಸ್ವಾಭಾವಿಕವಾದ ಬಂದರಿಲ್ಲ. ದೋಣಿಗಳನ್ನು ರಾಟೆಗಳಿಗೆ ಹಗ್ಗ ಕಟ್ಟಿ ದಡದ ಮೇಲಕ್ಕೆ ಎಳೆಯಬೇಕಾಗಿದ್ದಿತು. ಬಿರುಗಾಳಿಯ ಕಾಲದಲ್ಲಿ ಇನ್ನೂ ಒಳಕ್ಕೆ, ಸ್ಟೀನ್ ಮೈದಾನಕ್ಕೆ, ಸಾಗಿಸಬೇಕಾಗಿದ್ದಿತು. ನಾರಿನ ಬಲೆ ಒದ್ದೆಯಾಗಿಯೇ ಇದ್ದರೆ ಕೆಲವೇ ದಿನಗಳಲ್ಲಿ ಕೊಳೆಯುವುದು. ಆದಕಾರಣ ಒಂದೊಂದು ಸಲ ಕಡಲಿಗೆ ಹೋಗಿಬಂದ ಮೇಲೂ ಅದನ್ನು ಹರಡಬೇಕು, ಒಣಗಿಸಬೇಕು, ಹರಿದಲ್ಲಿ ಹೆಣೆಯಬೇಕು. ಜಲ್ಲಿಗಲ್ಲಿನ ಮೇಲೆ ಹರಡಿದರೆ ಎಳೆ ಸಿಕ್ಕಿಕೊಳ್ಳುವುದು, ಹುಲ್ಲುನೆಲವೇ ಬೇಕು. ಕನ್ನಡ ಕರಾವಳಿಯ ರಂಪಣಿ ಬಲೆಯನ್ನೂ, ಅದನ್ನು ಎಳೆದು ಹರಡಲು ಬೇಕಾಗಿದ್ದ ವಿಶಾಲವಾದ ದಡವನ್ನೂ ಬಲ್ಲವರಿಗೆ ಈ ಮಾತನ್ನು ಹೆಚ್ಚು ವಿಸ್ತರಿಸಬೇಕಾಗಿಲ್ಲ. ಮೀನು ಹಿಡಿಯುವುದು ನೀರಿನ ಕೆಲಸವೆಂದು ಹೊರಗಿನವರಿಗೆ ತೋರುವುದು ಸಹಜ. ಅದರ ಅರ್ಧಭಾಗ ನೆಲದ ಕೆಲಸ.

ಈ ಸಮುದಾಯ ತನ್ನ ವ್ಯವಹಾರಗಳಿಗೆ ತಾನೇ ಕಟ್ಟಳೆಗಳನ್ನು ಮಾಡಿಕೊಂಡಿದ್ದಿತು. ೧೫೮೦ರಲ್ಲಿ ಊರಿನ ಸಾಮಾನ್ಯ ವೆಚ್ಚಗಳ ವಿಷಯವಾಗಿ ಬೆಸ್ತರಿಗೂ ನೆಲದ ಒಕ್ಕಲುಗಳಿಗೂ ವ್ಯಾಜ್ಯ ಹುಟ್ಟಿ, ಎಲಿಜಬೆತ್ ರಾಣಿಯ ಸರ್ಕಾರ ಅದನ್ನು ವಿಚಾರಣೆಮಾಡಿಸಿತು. ಆಗ ಊರಿನ ಪೂರ್ವಾಚಾರಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆಯಿಸಿದರು. ಅಂದು ಊರಿನಲ್ಲಿ ೮೦ ದೋಣಿಗಳೂ ೪೦೦ ಮಂದಿ ನಾವಿಕರೂ ೧೦,೦೦೦ ಬಲೆಗಳೂ ಇದ್ದುವೆಂದು ಹೇಳಿಕೆಯುಂಟು. ವರ್ಷವನ್ನು ಆ ಜನ ತಿಂಗಳುಗಳಿಂದ ಎಣಿಸದೆ ‘ಫೇರ್’ ಎಂಬ ಬೇಟೆಯ ಯಾತ್ರೆಗಳಿಂದ ಎಣಿಸುತ್ತಿದ್ದರೆನ್ನಬೇಕು: ಉತ್ತರದ ಸ್ಕಾರ್ಬರೊ ಕಡಲಿಗೆ ಕಾಡ್ ಮೀನಿಗಾಗಿ ಹೋಗುವ ಯಾತ್ರೆ ಒಂದು, ಶರತ್ಕಾಲದಲ್ಲಿ ಯಾರ್ಮತ್ ಕಡೆಗೆ ಹೆರಿಂಗಿಗಾಗಿ ಹೋಗುವುದು ಒಂದು, ಬಂಗುಡೆಯಂಥ ಮೀನುಗಳಿಗೆ ಹತ್ತಿರದ ನೀರಿನಲ್ಲಿಯೇ ಬೇರೆ ಬಲೆ, ಬೇರೆ ಕಾಲ. ಒಂದೊಂದು ಯಾತ್ರೆಯ ಗಳಿಕೆಯನ್ನೂ ಪಾಲುಗಳಾಗಿ ವಿಂಗಡಿಸಿ, ದೋಣಿಗೆ ಇಷ್ಟು, ಬಲೆಗೆ ಇಷ್ಟು, ಆಳಿಗೆ ಇಷ್ಟು ಎಂದು ಹಂಚಿ, ಊರಿನ ರಕ್ಷಣೆಗೂ ಇಗರ್ಜಿಗೂ ಒಂದಂಶವನ್ನು ತೆಗೆದಿಡುತ್ತಿದ್ದರು. ೧೫೧೪ರಲ್ಲಿ ಫ್ರೆಂಚರು ಬಂದು ಊರನ್ನು ಸುಟ್ಟಿದ್ದ ನೆನಪು ಇನ್ನೂ ಹಸಿಯಾಗಿದ್ದುದರಿಂದ ರಕ್ಷಣೆಯ ವೆಚ್ಚ ಬರಿಯ ಮಾತಾಗಿರಲಿಲ್ಲ.

ಇಂಥ ಊರು ಹೊಸಬರ ಬರವಿನಿಂದಲೇ ಹಾಳಾಯಿತೆಂದು ಹೇಳುವುದು ನ್ಯಾಯವಲ್ಲ. ಹೊಸಬರು ಬರುವುದಕ್ಕೆ ಮೊದಲೇ ಅದು ಕ್ಷೀಣಿಸಿದ್ದಿತು. ಯುದ್ಧಗಳಿಂದ ದೂರದ ಮೀನುಗಾರಿಕೆಗೆ ಅಡ್ಡಿಯಾಯಿತು. ಕಡಲು ದಡವನ್ನು ಕೊರೆಯತೊಡಗಿತು. ೧೭೦೩ ಮತ್ತು ೧೭೦೫ರ ಬಿರುಗಾಳಿಗಳಲ್ಲಿ ದಿಬ್ಬದ ಕೆಳಗಿನ ಕೇರಿ ನಾಶವಾಗಿ ಜಲ್ಲಿಯಡಿ ಹೂತುಹೋಯಿತು. ‘ರಾಬಿನ್ಸನ್ ಕ್ರೂಸೋ’ ಬರೆದ ಡಿಫೊ ೧೭೨೪ರ ತನ್ನ ಪ್ರವಾಸಗ್ರಂಥದಲ್ಲಿ ಇದನ್ನು ಬಡ ಬೆಸ್ತರ ಊರೆಂದು ವರ್ಣಿಸಿ, ಸಮುದ್ರ ಇದಕ್ಕೆ ಮಾಡಿದ ಕೇಡನ್ನು ಹೇಳಿರುವನು. ಹದಿನೇಳನೆಯ ಶತಮಾನದ ಮಧ್ಯದಲ್ಲಿ ಸಸೆಕ್ಸಿನ ದೊಡ್ಡ ಪಟ್ಟಣಗಳಲ್ಲಿ ಒಂದಾಗಿದ್ದ ಈ ಸ್ಥಳದಲ್ಲಿ ನೂರು ವರ್ಷಗಳ ಅನಂತರ ಬಹುಪಾಲು ಮನೆಯವರು ತೆರಿಗೆ ತೆರಲೂ ಅಶಕ್ತರಾಗಿದ್ದರು. ೧೭೩೬ರಲ್ಲಿ ಸಂಸಾರಸಮೇತನಾಗಿ ಬಂದು ತಂಗಿದ್ದ ಒಬ್ಬ ಪಾದ್ರಿ, ಎರಡು ಕೂಟಕೋಣೆ, ಎರಡು ಮಲಗುವ ಕೋಣೆ, ಒಂದು ಉಗ್ರಾಣ ಇಷ್ಟಕ್ಕೂ ವಾರಕ್ಕೆ ೫ ಷಿಲಿಂಗು ಬಾಡಿಗೆಯೆಂದು ಗೆಳೆಯನಿಗೆ ಕಾಗದ ಬರೆದನು. ಬಡತನ ಮನೆಯ ಬಾಗಿಲನ್ನು ಅಗ್ಗವಾಗಿ ತೆರೆಯಿತು. ಹೊಸಬರ ಬರವಿಗೆ ಇದು ಮೊದಲ ಅನುಕೂಲ.

ಎರಡನೆಯದು ವೈದ್ಯದಿಂದ ಬಂದುದು. ಸಮೀಪದ ಲೂಯಿಸ್ ಪಟ್ಟಣದ ವೈದ್ಯ ರಿಚರ್ಡ್ ರಸೆಲ್ ೧೭೫೦ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿ, ಗ್ರಂಥಿಗಳ ರೋಗಕ್ಕೆ ಸಮುದ್ರದ ನೀರೇ ಔಷಧವೆಂದು ಪ್ರತಿಪಾದಿಸಿದನು. ಆ ನೀರಿನಲ್ಲಿ ಮೀಯುವುದಷ್ಟೇ ಅಲ್ಲ, ಅದನ್ನು ಕುಡಿಯುವುದೂ ಅವನ ವಿಧಿ. ಸಮುದ್ರಸ್ನಾನ ಇದಕ್ಕೆ ಹಿಂದೆಯೇ ಸ್ಕಾರ್ಬರೊದಲ್ಲಿ ಬಳಕೆಯಲ್ಲಿದ್ದರೂ ರಸೆಲನು ಅದಕ್ಕೆ ಶಾಸ್ತ್ರದ ಗೌರವ ತಂದುಕೊಟ್ಟನು. ಅವನು ೧೭೫೩ರಲ್ಲಿ ತನಗೂ ತನ್ನ ರೋಗಿಗಳಿಗೂ ಬ್ರೈಟ್‌ಹೆಲ್ಮ್‌ಸ್ಟನ್ನಿನಲ್ಲಿ ದೊಡ್ಡ ಮನೆಯೊಂದನ್ನು ಕಟ್ಟಿಸಿದನು. ಕಟ್ಟಿಸಿದ್ದು ಎಲ್ಲಿ? ಸ್ಟೀನ್ ಮೈದಾನದ ದಕ್ಷಿಣ ತುದಿಯಲ್ಲಿ. ಬೆಸ್ತರ ಬಲೆಗಳ ನಡುವೆ ಮೊದಲು ನಿಂತ ದೊಡ್ಡ ಕಟ್ಟಡ ಅದೆನ್ನಬಹುದು.

ಅನಂತರದ ಕ್ರಮ ಬಹುಮಟ್ಟಿಗೆ ಊಹಿಸಬಹುದಾದುದೇ. ರೋಗಿಗಳ ಜೊತೆ ಬಂದವರು ರೋಗಿಗಳಲ್ಲ, ಅವರಿಗೆ ಹೊತ್ತುಹೋಗಬೇಕು. ೧೭೬೦ರ ಈಚೆಗೆ ಸ್ಟೀನಿನ ಅಂಚಿನಲ್ಲಿ ಪುಸ್ತಕಭಂಡಾರಗಳು ಎದ್ದುವು. ಅವು ಪುಸ್ತಕಕ್ಕಿಂತ ಹೆಚ್ಚಾಗಿ ಮಾತುಕತೆಗೂ ಸಂಗೀತಕ್ಕೂ ಜೂಜಿಗೂ ನೆರವಾದುವೆಂಬುದು ಸಾಹಿತ್ಯದ ಅಧ್ಯಾಪಕರು ಸ್ವಲ್ಪ ಸಂಕೋಚದಿಂದಲೇ ಒಪ್ಪಬೇಕಾದ ಸಂಗತಿ. ಸಾಯಂಕಾಲ ಜರಿಬಟ್ಟೆಯವರು ಅಡ್ಡಾಡುವ ಹುಲ್ಲಿನ ಮೇಲೆಯೇ ಬಲೆಗಳೂ ಬಿದ್ದಿರುತ್ತಿದ್ದುವು; ವಿಹಾರಿಗಳು ಕಾಲಿಗೆ ತೊಡರುವ ಬಲೆಗಳನ್ನು ಕುರಿತು ದೂರತೊಡಗಿದರು. ವೇಲ್ಸಿನ ರಾಜಕುಮಾರ, ಎಂದರೆ ಮುಂದೆ ನಾಲ್ಕನೆಯ ಜಾರ್ಜನಾದವನು, ೧೭೮೩ರಲ್ಲಿ ಮೊದಲು ಬಂದು, ನಾಲ್ಕು ವರ್ಷಗಳಲ್ಲಿಯೇ ಸ್ಟೀನಿನ ಪಶ್ಚಿಮಕ್ಕೆ ಒಂದು ವಿಹಾರಮಂದಿರವನ್ನು ಕಟ್ಟಿಸಿಕೊಂಡನು. ೧೭೯೩ರ ಸುಮಾರಿನಲ್ಲಿ ಅವನೂ ಮಾರ್ಲ್‌ಬರೊ ಪ್ರಭುವೂ ತಮ್ಮ ವೆಚ್ಚದಿಂದ ಸ್ಟೀನಿನ ಹಳ್ಳವನ್ನು ನೆಲದಡಿಯ ಕಾಲುವೆಗೆ ಇಳಿಸಿ ಜೌಗನ್ನು ಒಣಗಿಸಿದರು. ಉಪಕಾರ ನಿಜವಾದುದು, ಮಳೆಗಾಲದಲ್ಲಿ ಆ ತಗ್ಗು ನೀರು ತುಂಬಿ ಕೆಡುತ್ತಿದ್ದಿತು. ಪ್ರತಿಫಲವಾಗಿ ತಮ್ಮ ಮನೆಗಳ ಮುಂದಿನ ನೆಲಕ್ಕೆ ಬೇಲಿ ಹಾಕಿಕೊಳ್ಳುವ ಅನುಮತಿ ಅವರಿಗೆ ದೊರೆಯಿತು. ಹೀಗೆ ಒಂದು ಮೂಲೆ ಆಯಿತು. ಮತ್ತೊಂದು ಮೂಲೆಗೆ ಕಟಕಟೆ ಬಂದಿತು. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳು ಕಳೆಯುವುದರೊಳಗೆ ಬಲೆಗಳು ಅಲ್ಲಿಂದ ಮರೆಯಾದುವು. ಈಗ ಆ ನೆಲದ ನಡುವೆ ೧೮೪೬ರಲ್ಲಿ ವಿಕ್ಟೋರಿಯ ರಾಣಿಯ ಹೆಸರಿನಲ್ಲಿ ಎತ್ತಿದ ಕಾರಂಜಿಯಿದೆ.

ಇಲ್ಲಿ ಯಾವ ದೊಡ್ಡ ಅನ್ಯಾಯವೂ ಒಂದೇ ದಿನದಲ್ಲಿ ನಡೆಯಲಿಲ್ಲವೆಂಬುದು ಗಮನಾರ್ಹವಾದುದು. ಬೆಸ್ತರ ಹಕ್ಕು ರೂಢಿಯಿಂದ ಬಂದುದಾಗಿದ್ದಿತು. ರೂಢಿಗೆ ನಿತ್ಯದ ಬಳಕೆಯೇ ಪತ್ರ. ಬಳಕೆಗೆ ಅಡ್ಡಿಯಾದರೆ ಪತ್ರವೂ ಹರಿದಂತೆ. ಹೊಸಬರ ಬಳಿ ಬರೆಹದ ಪತ್ರವೂ ವಕೀಲರೂ ಇದ್ದರು.

ನೆಲದೊಡನೆ ಕಡಲಿನ ಅರ್ಥವೂ ಬದಲಾಯಿತು. ಹಳೆಯ ಜನರಿಗೆ ಕಡಲು ಕೆಲಸದ ಸ್ಥಳ, ಭಯದ ಸ್ಥಳ. ಅದನ್ನು ನೋಡಿಕೊಂಡಿರುವುದಕ್ಕಾಗಿ ಮನೆ ಕಟ್ಟುವ ಭಾವನೆ ಅವರಿಗಿರಲಿಲ್ಲ. ರಾಜಕುಮಾರನ ಮಂದಿರವೂ ಕಡಲಿನ ಕಡೆಗೆ ಮುಖಮಾಡಿಲ್ಲ, ಸ್ಟೀನಿನ ಕಡೆಗೆ ಮಾಡಿದೆ. ಬ್ರೈಟನ್ನಿನಲ್ಲಿ ಬೇಕೆಂದೇ ಸಮುದ್ರಾಭಿಮುಖವಾಗಿ ಕಟ್ಟಿದ ಮೊದಲ ಮನೆಸಾಲು ೧೭೯೮ರಲ್ಲಿ ಆರಂಭವಾದ ರಾಯಲ್ ಕ್ರೆಸೆಂಟ್ ಎಂಬುದೆಂದು ವಾಸ್ತುಶಾಸ್ತ್ರಜ್ಞರು ಹೇಳುವರು. ಅಲ್ಲಿಂದ ಮುಂದೆ ನೋಟಕ್ಕೆ ಬೆಲೆ ಹುಟ್ಟಿತು. ಕಡಲು ಕಾಣುವ ಕಿಟಕಿಗೆ ಒಂದು ಬಾಡಿಗೆ, ಕಾಣದ ಕಿಟಕಿಗೆ ಬೇರೊಂದು.

ಬೆಸ್ತರಿಗೆ ಹೊಸ ವೃತ್ತಿಗಳು ದೊರೆಯಲಿಲ್ಲವೆಂದಲ್ಲ. ಸ್ನಾನಕ್ಕೆ ಬಂದವರು ಗಾಲಿಗಳ ಮೇಲಿನ ಮರದ ಗೂಡಿನಲ್ಲಿ ಕುಳಿತು, ಕುದುರೆ ಅದನ್ನು ನೀರಿಗೆ ಎಳೆದ ಮೇಲೆ, ಮೆಟ್ಟಿಲಿಳಿಯುತ್ತಿದ್ದರು. ಅವರನ್ನು ತೋಳಿನಲ್ಲಿ ಹಿಡಿದು ಅಲೆಯೊಳಗೆ ಮುಳುಗಿಸುವ ಕೆಲಸ ಕಡಲಿನ ನಡೆಯನ್ನು ಬಲ್ಲವರದು. ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು. ಇವರಲ್ಲಿ ಮಾರ್ಥ ಗನ್ ಎಂಬ ಗಟ್ಟಿಗಿತ್ತಿ ರಾಜಕುಮಾರನ ಸಲಿಗೆಗೆ ಪಾತ್ರಳಾಗಿ, ೧೮೧೫ರಲ್ಲಿ ತೀರಿಕೊಂಡಾಗ ದೇಶಕ್ಕೆಲ್ಲ ಪರಿಚಿತಳಾಗಿದ್ದಳು.

ಈ ಸ್ನಾನದ ಊರಿಗೆ ಭಾರತದಿಂದ ಬಂದವನೊಬ್ಬನ ಹೆಸರನ್ನೂ ಇಲ್ಲಿಯೇ ಹೇಳಬೇಕು. ಪಟ್ನಾದಲ್ಲಿ ೧೭೫೯ರಲ್ಲಿ ಹುಟ್ಟಿ, ಕಂಪೆನಿಯ ಸೈನ್ಯದಲ್ಲಿದ್ದು, ಐರ್ಲೆಂಡಿಗೆ ಹೋಗಿ, ೧೭೯೪ರಲ್ಲಿ ಆಂಗ್ಲಭಾಷೆಯಲ್ಲಿ ತನ್ನ ಪ್ರವಾಸಗಳನ್ನು ಪ್ರಕಟಿಸಿದ ದೀನ್ ಮಹಮ್ಮದನು ೧೮೧೪ರಲ್ಲಿ ಬ್ರೈಟನ್ನಿಗೆ ಬಂದು ಹಬೆಯ ಸ್ನಾನದ ಮನೆಯನ್ನು ತೆರೆದನು. ಭಾರತೀಯನೊಬ್ಬನು ಆಂಗ್ಲಭಾಷೆಯಲ್ಲಿ ಬರೆದು ಅಚ್ಚುಹಾಕಿಸಿದ ಮೊದಲ ಪುಸ್ತಕ ಅವನದೇ. ಹಿಂದೀ ಭಾಷೆಯಲ್ಲಿ ಮೈಯೊತ್ತುವುದಕ್ಕೆ ಹೇಳುವ ‘ಚಾಂಪ್ನಾ’ ಧಾತುವಿನಿಂದ ಹೊರಟ ‘ಶಾಂಪೂ’ ಎಂಬ ಶಬ್ದ ಆಂಗ್ಲರ ಮನೆಮಾತಾಗುವುದಕ್ಕೆ ಅವನ ಅಂಗಡಿ ಬಹಳ ಸಹಾಯಮಾಡಿತು. ಇಬ್ಬರು ದೊರೆಗಳಿಗೆ ಅವನು ಅಂಗಮರ್ದಕನಾಗಿದ್ದನು. ೧೮೫೧ರಲ್ಲಿ ಬ್ರೈಟನ್ನಿನಲ್ಲಿಯೇ ಮಡಿದನು. ಅವನು ಬಂದ ಮರುವರ್ಷ, ೧೮೧೫ರಲ್ಲಿ, ನ್ಯಾಷ್ ಎಂಬ ಶಿಲ್ಪಿ ರಾಜಕುಮಾರನ ಮಂದಿರಕ್ಕೆ ಗುಮ್ಮಟ ಮಿನಾರುಗಳನ್ನು ಏರಿಸತೊಡಗಿದನು. ಭಾರತವನ್ನು ಕಾಣದವರ ಕಲ್ಪನೆಯ ಭಾರತ ಸ್ಟೀನಿನ ಅಂಚಿನಲ್ಲಿ ೧೮೨೨ರೊಳಗೆ ಸಿದ್ಧವಾಯಿತು. ಅದೇ ಕಟ್ಟಡದಲ್ಲಿ ೧೯೧೪ರ ಕೊನೆಯಿಂದ ೧೯೧೬ರ ಮೊದಲವರೆಗೆ ಗಾಯಗೊಂಡ ಭಾರತೀಯ ಸಿಪಾಯಿಗಳಿಗೆ ಆಸ್ಪತ್ರೆಯಿದ್ದಿತು. ಮಡಿದ ಹಿಂದೂ ಮತ್ತು ಸಿಖ್ ಸೈನಿಕರಲ್ಲಿ ೫೩ ಮಂದಿಯನ್ನು ದಹನಮಾಡಿದ ಗುಡ್ಡದ ಮೇಲೆ ‘ಛತ್ರಿ’ ಎಂಬ ಸ್ಮಾರಕ ೧೯೨೧ರಲ್ಲಿ ಅನಾವರಣವಾಯಿತು.

ಸಾಹಿತ್ಯದ ಕಡೆಗೆ ತಿರುಗಿದರೆ, ಈ ಬಗೆಯ ಪರಿವರ್ತನೆಯನ್ನು ಒಳಗಿನಿಂದ ಕಂಡು ಬರೆದ ಗ್ರಂಥವೊಂದಿದೆ. ಜೇನ್ ಆಸ್ಟಿನ್ ೧೮೧೭ರ ಜನವರಿಯಲ್ಲಿ ತೊಡಗಿ ಮಾರ್ಚಿಯಲ್ಲಿ ರೋಗದಿಂದ ಕೈಬಿಟ್ಟ, ೧೯೨೫ರವರೆಗೂ ಅಚ್ಚಾಗದೆ ಇದ್ದ ‘ಸ್ಯಾಂಡಿಟನ್’ ಕಥೆಯೇ ಅದು. ಸ್ಯಾಂಡಿಟನ್ ಕಲ್ಪಿತವಾದ ಊರು. ಆದರೆ ಸಸೆಕ್ಸಿನ ತೀರದ್ದೇ. ಅದರ ಜಮೀನುದಾರ ಪಾರ್ಕರನು ಸಜ್ಜನ, ಉತ್ಸಾಹಿ. ಗಾಳಿಗೆ ಮರೆಯಾದ ಕಣಿವೆಯಲ್ಲಿದ್ದ ಪೂರ್ವಿಕರ ಮನೆಯನ್ನೂ ತೋಟವನ್ನೂ ಬಿಟ್ಟು ಬೆಟ್ಟದ ನೆತ್ತಿಯ ಮೇಲೆ ಹೊಸ ಮನೆ ಕಟ್ಟಿಸಿದವನು. ಹಳೆಯ ತೋಟದ ತರಕಾರಿ, ಮರಗಳ ನೆರಳು ಅವನ ಹೆಂಡತಿಯ ಮಾತಿನಲ್ಲಿ ಮತ್ತೆ ಮತ್ತೆ ಬರುತ್ತವೆ. ಗಂಡ ಅವಕ್ಕೆಲ್ಲ ಸಮಾಧಾನ ಹೇಳುತ್ತಾನೆ. ಹಳ್ಳಿಯೊಳಗೆ ಬಂಡಿ ಸಾಗುವಾಗ ಒಂದೆರಡು ಗುಡಿಸಲುಗಳಲ್ಲಿ ಬಿಳಿಯ ತೆರೆಯನ್ನೂ ಬಾಡಿಗೆಗೆ ಕೋಣೆಯುಂಟೆಂಬ ಹಲಗೆಯನ್ನೂ, ಚಮ್ಮಾರನ ಕಿಟಕಿಯಲ್ಲಿ ನೀಲಿಯ ಪಾದರಕ್ಷೆಗಳನ್ನೂ ಕಂಡು ಅವನಿಗಾಗುವ ಆನಂದ ಅಪಾರ. ನಾಗರಿಕತೆ ಬಂದಿತೆಂಬುದಕ್ಕೆ ಅವನಿಗೆ ಆ ಪಾದರಕ್ಷೆಯೇ ಪ್ರಮಾಣ! ಪಾರ್ಕರನು ಯಾರನ್ನೂ ವಂಚಿಸುವವನಲ್ಲ. ಊರಿಗೆ ಒಳ್ಳೆಯದನ್ನೇ ಮಾಡುತ್ತಿರುವೆನೆಂದು ಅವನ ದೃಢವಾದ ನಂಬಿಕೆ. ಆಸ್ಟಿನ್ನಳ ವಿಡಂಬನೆಯ ಬಲ ಇರುವುದು ಇಲ್ಲಿ. ಖಳನಿಲ್ಲದ ಕಡೆಯೂ ಹಳೆಯ ಮನೆ ಖಾಲಿಯಾಗುವುದನ್ನು ಅವಳು ತೋರಿಸಿರುವಳು.

ಬೆಸ್ತನು ದೃಶ್ಯವಾಗಿ ಪರಿಣಮಿಸಿದ ಹಂತಕ್ಕೆ ಚಿತ್ರಕಾರ ಕಾನ್ಸ್‌ಟೆಬಲನು ಸಾಕ್ಷಿ. ಹೆಂಡತಿಯ ಕಾಯಿಲೆಯ ನಿಮಿತ್ತ ೧೮೨೪ರಿಂದ ಹಲವು ಸಲ ಬಂದ ಅವನಿಗೆ ಊರಿನ ಆಡಂಬರ ಹಿಡಿಸಲಿಲ್ಲ. ದೋಣಿ ಬೆಸ್ತರ ಚಿತ್ರಗಳು ಆಗಲೇ ಪ್ರದರ್ಶನಗಳಲ್ಲಿ ಸವೆದುಹೋಗಿವೆಯೆಂದೂ ಅವನು ಗೆಳೆಯನಿಗೆ ಬರೆದುಂಟು. ಆದರೂ ೧೮೨೭ರಲ್ಲಿ ಪ್ರದರ್ಶಿಸಿದ ಅವನ ದೊಡ್ಡ ಪಟದಲ್ಲಿ ಹಿಂದುಗಡೆ ೧೮೨೩ರಲ್ಲಿ ಕಟ್ಟಿದ ಸರಪಣಿಯ ಸೇತುವೆ, ಮನೆಗಳ ಸಾಲು. ಮುಂದುಗಡೆ ದೋಣಿ, ಬಲೆ, ದುಡಿಯುವ ಜನ. ಅವರ ನಡುವೆ ಕೊಡೆಹಿಡಿದ ವಿಹಾರಿಗಳು. ಸ್ಟೀನಿನಿಂದ ಹೊರಟ ಬಲೆಗಳು ನೀರಿನ ಅಂಚಿಗೆ ಬಂದು ನಿಂತ ಕಾಲದ ದಾಖಲೆಯೆಂದು ಇದನ್ನು ಓದಬಹುದು. ಇಪ್ಪತ್ತು ವರ್ಷಗಳ ಅನಂತರ ಡಿಕನ್ಸನು ತಂದ ಗ್ಲಬ್ ಎಂಬ ಮುದುಕ ಇನ್ನೂ ಒಂದು ಹೆಜ್ಜೆ ಮುಂದಿನವನು. ಉಪ್ಪುನೀರಿನಲ್ಲಿ ನೆನೆದು ಬಿಗಿದ ಮೈ, ಹಳೆಯ ಎಣ್ಣೆಬಟ್ಟೆ, ಪಾಚಿಯ ವಾಸನೆ. ಅವನಿಗಿರುವ ಕೆಲಸ ಮಾತ್ರ ರೋಗಿಯಾದ ಹುಡುಗ ಪಾಲನ ಕೈಬಂಡಿಯನ್ನು ದಡದುದ್ದಕ್ಕೂ ಎಳೆಯುವುದು. ಕಡಲಿನ ಆಳದ ಸಂಗತಿಗಳನ್ನು ಪಾಲನು ಕೇಳಿ ತಿಳಿದುದು ಅವನಿಂದ. ಬ್ಲಿಂಬರ್ ಪಂಡಿತನ ಪಾಠಶಾಲೆಗೆ ಸೇರಿದೊಡನೆ ಆ ಸಹವಾಸ ತಪ್ಪುತ್ತದೆ. ಲ್ಯಾಟಿನ್ನಿನ ಮುಂದೆ ಗ್ಲಬ್ಬನ ವಿದ್ಯೆ ವಿದ್ಯೆಯಲ್ಲ.

ಲಂಡನ್ನಿನಿಂದ ರೈಲುದಾರಿ ಬ್ರೈಟನ್ನನ್ನು ಮುಟ್ಟಿದ್ದು ೧೮೪೧ರ ಸೆಪ್ಟೆಂಬರಿನಲ್ಲಿ. ೧೮೦೧ರಲ್ಲಿ ೭೦೦೦ಕ್ಕೆ ಸ್ವಲ್ಪ ಮೀರಿದ್ದ ಜನಸಂಖ್ಯೆ ೧೮೫೧ರಲ್ಲಿ ೬೫,೦೦೦ವನ್ನು ದಾಟಿದ್ದಿತು. ಕೂಲಿಕಾರರೂ ಒಂದು ದಿನದ ಮಟ್ಟಿಗೆ ಕಡಲನ್ನು ಕಾಣತೊಡಗಿದರು. ಈ ಜನಜಂಗುಳಿ ಸೇರದೆ ವಿಕ್ಟೋರಿಯ ರಾಣಿ ೧೮೪೫ರ ಮೇಲೆ ಅಲ್ಲಿಯ ಅರಮನೆಗೆ ಬರಲಿಲ್ಲ. ೧೮೫೦ರಲ್ಲಿ ಅದನ್ನು ಊರಿನವರೇ ೫೩,೦೦೦ ಪೌಂಡಿಗೆ ಕೊಂಡರು. ಸ್ಟೀನಿನಿಂದ ಬೆ­ಸ್ತರನ್ನು ಕದಲಿಸಿದ ರಾಜವಂಶವನ್ನು ಸಾಮಾನ್ಯರ ಗುಂಪು ಕದಲಿಸಿತೆಂಬ ವಿನೋದವನ್ನು ಇತಿಹಾಸ ಇಲ್ಲಿ ಒದಗಿಸಿದೆ. ಮೀನುಗಾರಿಕೆ ಮಾತ್ರ ತಟ್ಟನೆ ನಿಲ್ಲಲಿಲ್ಲ. ದಡದ ಮೇಲೆ ಹಾಯುವ ರಾಜಬೀದಿ ೧೮೨೨ರಲ್ಲಿ ತೆರೆದ ಮೇಲೆ ಬೆಸ್ತರಿಗೆ ಉಳಿದುದು ಅದರ ಕೆಳಗಿನ ಜಲ್ಲಿಯ ಪಟ್ಟಿ, ಮುಂದೆ ಬೀದಿಯ ಅಡಿಯ ಕಮಾನುಗಳು. ಮೀನಿನ ಸಂತೆ ದಡದಲ್ಲಿ ೧೯೬೦ರವರೆಗೆ ನಡೆದು ಊರೊಳಗೆ ಹೋಯಿತು. ೧೯೭೦ರ ದಶಕದಲ್ಲಿ ವಿಹಾರನೌಕೆಗಳಿಗಾಗಿ ಕಟ್ಟಿದ ಕೃತಕ ಬಂದರಿನ ಒಂದು ಬದಿಗೆ ಉಳಿದ ದೋಣಿಗಳು ಸೇರಿಕೊಂಡುವು. ೧೯೯೪ರಲ್ಲಿ ಕಮಾನುಗಳ ಕೆಳಗೆ ಮೀನುಗಾರಿಕೆಯ ವಸ್ತುಸಂಗ್ರಹಾಲಯವೊಂದು ತೆರೆಯಿತು.

ವಿಹಾರಕ್ಕೆ ಬಂದವರು ಋತು ಮುಗಿದೊಡನೆ ಹಿಂದಿರುಗುವರು. ವಿಶ್ರಾಂತಿಗೆ ಬಂದವರು ಕೊನೆಯವರೆಗೂ ಇರುವರು. ಈ ಎರಡನೆಯ ಅಲೆ ಬ್ರೈಟನ್ನಿಗಿಂತ ಹೆಚ್ಚಾಗಿ ಅದರ ಎಡಬಲದ ವರ್ದಿಂಗ್, ಈಸ್ಟ್‌ಬೋರ್ನ್, ಬೆಕ್ಸ್‌ಹಿಲ್ ಊರುಗಳಿಗೆ ಬಡಿಯಿತು. ವರ್ದಿಂಗ್ ರಾಜಕುಮಾರಿ ಅಮೀಲಿಯ ೧೭೯೮ರಲ್ಲಿ ಬಂದು ತಂಗುವವರೆಗೆ ಮೀನುಗಾರರ ಕೊಪ್ಪಲು. ಈಸ್ಟ್‌ಬೋರ್ನಿನಲ್ಲಿಯೂ ‘ಸೀ ಹೌಸಸ್’ ಎಂಬ ಬೆಸ್ತರ ಕೇರಿಯೊಂದಿದ್ದು, ೧೮೪೯ರಲ್ಲಿ ರೈಲು ಬಂದ ಮೇಲೆ ಡೆವನ್‌ಷೈರ್ ಪ್ರಭುವಿನ ಯೋಜನೆಯಲ್ಲಿ ಲೀನವಾಯಿತು. ಈ ಊರುಗಳಲ್ಲಿ, ವಿಶೇಷವಾಗಿ ಬೆಕ್ಸ್‌ಹಿಲ್ಲಿನಲ್ಲಿ, ಭಾರತದಲ್ಲಿ ಸೇವೆಸಲ್ಲಿಸಿ ನಿವೃತ್ತರಾದ ಅಧಿಕಾರಿಗಳು ಅನೇಕರು ನೆಲೆಸಿದರು. ಅವರ ವಿಶ್ರಾಂತಿವೇತನವನ್ನು ತೆರುತ್ತಿದ್ದುದು ಭಾರತದ ಬೊಕ್ಕಸವೆಂಬುದನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗದು. ಅವರಿಗೆ ಮೆಚ್ಚಿಕೆಯಾದ ಮನೆಯ ಹೆಸರೂ ಭಾರತದ್ದೇ: ಬಂಗಾಳದ ಒಂಟಿ ಅಂತಸ್ತಿನ ಮನೆಯಿಂದ ಬಂದ ‘ಬಂಗಲೆ’. ಇಂಗ್ಲೆಂಡಿನಲ್ಲಿ ಈ ಹೆಸರಿನ ಮೊದಲ ಮನೆಗಳು ಎದ್ದುದು ೧೮೭೦ರ ಸುಮಾರಿನಲ್ಲಿ, ಕೆಂಟ್ ಸೀಮೆಯ ಕಡಲಂಚಿನ ವೆಸ್ಟ್‌ಗೇಟ್ ಬರ್ಚಿಂಗ್‌ಟನ್ನುಗಳಲ್ಲಿ. ಮಹಡಿಯ ಮೆಟ್ಟಿಲಿಲ್ಲದುದು ಮಂಡಿನೋವಿನವರಿಗೆ ಹಿತ. ಮುದುಕರಿಗೆ ಇದಕ್ಕಿಂತ ಒಪ್ಪುವ ಮನೆಯನ್ನು ಯಾರೂ ಕಂಡುಹಿಡಿಯಲಿಲ್ಲ.

೧೯೦೮ರ ವೃದ್ಧಾಪ್ಯವೇತನದ ಕಾನೂನು, ೧೯೩೮ರ ಸಂಬಳಸಹಿತ ರಜೆಯ ಕಾನೂನು ಇವುಗಳಿಂದ ಕಡಲತೀರ ಕ್ರಮೇಣ ದುಡಿಯುವ ವರ್ಗದವರಿಗೂ ಎಟುಕಿತು. ಯೌವನದಲ್ಲಿ ರಜೆಗೆ ಬಂದು ಕಂಡ ಊರಿಗೇ ಮುಪ್ಪಿನಲ್ಲಿ ಬಂದು ನೆಲಸುವುದು ಸಾಮಾನ್ಯವಾಯಿತು. ಆದ್ದರಿಂದ ವಿಹಾರದ ಊರು ವಿಶ್ರಾಂತಿಯ ಊರಾಗುವುದು ಬೇರೊಂದು ಘಟನೆಯಲ್ಲ, ಮೊದಲಿನದರ ಫಲ. ೨೦೨೧ರ ಜನಗಣತಿಯಂತೆ ಇಂಗ್ಲೆಂಡಿನಲ್ಲಿ ೬೫ ವಯಸ್ಸನ್ನು ತಲಪಿದವರು ಐದರಲ್ಲಿ ಒಂದು ಪಾಲಿಗೂ ಕಡಮೆ. ಬೆಕ್ಸ್‌ಹಿಲ್ ಸೇರಿರುವ ರಾದರ್ ಜಿಲ್ಲೆಯಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು. ನಿವೃತ್ತನು ಬೇರೆಡೆ ಗಳಿಸಿದ ಹಣದಿಂದ ಮನೆಯನ್ನು ಕೊಳ್ಳುತ್ತಾನೆ; ಊರಿನ ತರುಣನು ಊರಿನ ಗಳಿಕೆಯಿಂದಲೇ ಕೊಳ್ಳಬೇಕು. ಮುದುಕರನ್ನು ನೋಡಿಕೊಳ್ಳುವ ಕೆಲಸ ಊರಿನಲ್ಲಿ ಬೆಳೆಯುತ್ತದೆ. ಆ ಕೆಲಸಮಾಡುವವರಿಗೆ ಮನೆ ಸಿಗುವುದಿಲ್ಲ. ಬಂದವರ ತಪ್ಪೇನೆಂದು ಕೇಳಿದರೆ ಉತ್ತರ ಹೇಳುವುದು ಕಷ್ಟ. ದುಡಿದು ದಣಿದವನು ಕಡಲಗಾಳಿಯನ್ನು ಬಯಸುವುದು ದೋಷವೆಂದು ಯಾರು ಹೇಳಿಯಾರು?

ಇದೇ ಸಸೆಕ್ಸ್ ತೀರದಲ್ಲಿ ಬ್ರೈಟನ್ನಿಗೆ ಪೂರ್ವದಲ್ಲಿರುವ ಹೇಸ್ಟಿಂಗ್ಸ್ ಊರಿನ ಕಥೆ ಬೇರೆಯಾಗಿ ನಡೆದಿದೆ. ಅಲ್ಲಿಯೂ ವಿಹಾರಿಗಳು ಬಂದರು; ಅಲ್ಲಿಯೂ ರೈಲು ಬಂದಿತು; ಅಲ್ಲಿಯೂ ಬಂದರಿಲ್ಲ. ೧೮೯೬ರಲ್ಲಿ ತೊಡಗಿದ ಬಂದರಿನ ಕಟ್ಟೆ ಅಪೂರ್ಣವಾಗಿಯೇ ನಿಂತಿದೆ. ಆದರೂ ಅಲ್ಲಿ ಬೆಸ್ತರ ದೋಣಿಗಳು ಇಂದಿಗೂ ದಡದಿಂದಲೇ ಕಡಲಿಗಿಳಿದು ದಡಕ್ಕೇ ಏರುತ್ತವೆ. ವ್ಯತ್ಯಾಸವನ್ನು ಹುಡುಕಿದರೆ ಮತ್ತೆ ನೆಲದ ವಿಷಯಕ್ಕೇ ಬರಬೇಕಾಗುತ್ತದೆ. ದೋಣಿಗಳನ್ನು ಏರಿಸುವ ಆ ಜಲ್ಲಿದಡಕ್ಕೆ ‘ಸ್ಟೇಡ್’ ಎಂದು ಹೆಸರು. ದಡ ಎಂಬರ್ಥದ ಹಳೆಯ ಆಂಗ್ಲ ಶಬ್ದವೇ ಅದು. ಹೊಸ ವಿಹಾರನಗರವನ್ನು ಕಟ್ಟಲು ಬಂದ ಜೇಮ್ಸ್ ಬರ್ಟನ್ ೧೮೨೮ರಲ್ಲಿ ಹಳೆಯ ಊರನ್ನು ಬಿಟ್ಟು ಪಶ್ಚಿಮದ ಬಯಲನ್ನು ಆರಿಸಿಕೊಂಡು ಸೇಂಟ್ ಲೆನರ್ಡ್ಸ್ ಎಂಬುದನ್ನು ನಿರ್ಮಿಸಿದನು. ಸಿರಿವಂತರ ದೃಷ್ಟಿ ಅತ್ತ ಹೋದುದು ಸ್ಟೇಡಿಗೆ ಅದೃಷ್ಟವಾಯಿತು. ಕಡಲಿಗೆ ಅಡ್ಡಲಾಗಿ ಹಾಕಿದ ಕಟ್ಟೆಗಳ ದೆಸೆಯಿಂದ ಜಲ್ಲಿ ಶೇಖರವಾಗಿ ದಡ ಅಗಲವಾಯಿತು. ಬೆಸ್ತರು ೧೮೩೧ರಲ್ಲಿ ರಕ್ಷಣಸಂಘವನ್ನು ಕಟ್ಟಿಕೊಂಡು, ದೋಣಿಯನ್ನು ಏರಿಸುವ ತಮ್ಮ ಹಕ್ಕನ್ನು ರೂಢಿಯ ಪಾಲಿಗೆ ಬಿಡದೆ, ಮಾತಿನಲ್ಲಿಯೂ ಬರೆಹದಲ್ಲಿಯೂ ಸಾಧಿಸುತ್ತ ಬಂದರು.

ಆ ಸ್ಟೇಡಿನ ಮೇಲೆ ಕರಿಯ ಬಣ್ಣ ಬಳಿದ, ಎತ್ತರವಾದ, ಬಹಳ ಕಿರಿದಾದ ಮರದ ಗೂಡುಗಳ ಸಾಲೊಂದು ನಿಂತಿದೆ. ಬಲೆ ಹಗ್ಗಗಳನ್ನು ಇಡುವ ಮನೆಗಳವು. ಒಬ್ಬೊಬ್ಬರಿಗೂ ಸಿಕ್ಕ ನೆಲ ಎಂಟೊಂಬತ್ತು ಅಡಿ ಚೌಕವಾದುದರಿಂದ ಅಗಲಕ್ಕೆ ಬೆಳೆಯಲಾರದೆ ಮೇಲಕ್ಕೆ ಬೆಳೆದುವು. ನೋಡುವವರು ಅದನ್ನು ಚೆಲುವೆಂದು ಚಿತ್ರ ತೆಗೆದುಕೊಳ್ಳುವರು. ಕಟ್ಟಿದವರಿಗೆ ಅದು ನೆಲದ ಲೆಕ್ಕ. ೨೦೧೨ರಲ್ಲಿ ಅದರ ಪಕ್ಕದಲ್ಲಿಯೇ, ಅದರ ಕರಿಬಣ್ಣವನ್ನೇ ಅನುಸರಿಸಿ, ಒಂದು ಚಿತ್ರಶಾಲೆಯನ್ನು ಕಟ್ಟಿದರು. ಊರಿಗೆ ಹೊಸ ಜನರನ್ನು ಕರೆತರುವುದು ಅದರ ಉದ್ದೇಶಗಳಲ್ಲಿ ಒಂದು. ಕಟ್ಟಡಕ್ಕೆ ಆರಿಸಿದ ಸ್ಥಳ ಪ್ರವಾಸಿಗಳ ಮೋಟಾರುಬಂಡಿಗಳು ನಿಲ್ಲುತ್ತಿದ್ದ ಬಯಲು. ಆದರೂ ಹಲವರು ಬೆಸ್ತರು ಅದನ್ನು ಬಹಿರಂಗವಾಗಿ ವಿರೋಧಿಸಿದರು. ಚಿತ್ರಶಾಲೆ ಹೆಸರು ಬದಲಿಸಿಕೊಂಡು ಈಗಲೂ ಅಲ್ಲಿದೆ. ಅದರ ಮಗ್ಗುಲಲ್ಲಿ ಯಂತ್ರದ ರಾಟೆಗಳು ದೋಣಿಗಳನ್ನು ಜಲ್ಲಿಯ ಮೇಲಕ್ಕೆ ಎಳೆಯುತ್ತಿವೆ.